ಒಂದು ಆಮ್ಲಜನಕ ಕಡಿಮೆಯಾದಾಗ

ಡಿಎನ್‌ಎ ಓದುವುದೆಂದರೆ ಅಸಲಿಗೆ ಅದನ್ನು ನಕಲು ಮಾಡುವ ಕಿಣ್ವವನ್ನು ಬೇಕಾದ ಅಕ್ಷರದ ಬಳಿ ಹಿಡಿದು ನಿಲ್ಲಿಸುವುದು! 1977ರಲ್ಲಿ ಕೇಂಬ್ರಿಡ್ಜ್‌ನ ಸಂಕೋಚದ ಮನುಷ್ಯನೊಬ್ಬ ಹೂಡಿದ ಈ ಉಪಾಯಕ್ಕೆ ಗಾಜಿನ ಹಾಳೆ, ವಿಕಿರಣ, ಲೇಸರ್, ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾ ಎಲ್ಲ ಬಂದು ಜೊತೆಗೂಡಿದವು. ಏಪ್ರಿಲ್ 25ರ ಡಿಎನ್‌ಎ ದಿನದ ನೆಪದಲ್ಲಿ, ಪ್ರಯೋಗಾಲಯದ ಮೇಜಿನ ಮೇಲೆ ನಡೆದ ಕಥೆ.

ಮೇಜಿನ ಮೇಲೆ ಎರಡು ಗಾಜಿನ ಹಾಳೆಗಳು. ಉದ್ದ 40 ಸೆಂಟಿಮೀಟರ್, ಅಗಲ ಅದರರ್ಧ. ಸೋಪುನೀರಲ್ಲಿ ತೊಳೆದು, ಆಲ್ಕೊಹಾಲ್ ಸವರಿ, ಬೆಳಕಿಗೆ ಹಿಡಿದು ನೋಡಬೇಕು. ಒಂದು ಬೆರಳಚ್ಚು ಕಂಡರೂ ಮತ್ತೆ ಉಜ್ಜಬೇಕು. ಎರಡರ ನಡುವೆ ಅಂಚಿನಲ್ಲಿ 0.4 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಪಟ್ಟಿ ಇಟ್ಟು, ಸುತ್ತ ಟೇಪು ಅಂಟಿಸಿ, ಕ್ಲಿಪ್ಪು ಹಾಕಿ ಬಿಗಿದರೆ ಅಚ್ಚು ತಯಾರು.

ಇನ್ನು ಸುರಿಯುವ ಕೆಲಸ. ಅಕ್ರಿಲಮೈಡ್ ದ್ರಾವಣಕ್ಕೆ ಟೆಮೆಡ್ ಎಂಬ ಮೀನುವಾಸನೆಯ ದ್ರವ ಬಿದ್ದಮೇಲೆ ತಡಮಾಡುವ ಹಾಗಿಲ್ಲ. ಗಾಜನ್ನು ಓರೆಯಾಗಿ ಹಿಡಿದು, ಆ ಸಣ್ಣ ಸಂದಿಯೊಳಗೆ ಒಂದೇ ಸಮನೆ ದ್ರಾವಣ ಇಳಿಸಬೇಕು. ಕೈ ಕೊಂಚ ನಡುಗಿದರೆ ಗಾಳಿಗುಳ್ಳೆ. ಗುಳ್ಳೆ ಅಲ್ಲೇ ಸಿಕ್ಕಿಕೊಂಡರೆ ಆ ಸಾಲು ಹಾಳು. ಬೆರಳ ಗೆಣ್ಣಿನಿಂದ ಗಾಜನ್ನು ತಟ್ಟಿ ತಟ್ಟಿ ಗುಳ್ಳೆಯನ್ನು ಮೇಲಕ್ಕೆ ಓಡಿಸುವ ಟಕ್ ಟಕ್ ಸದ್ದು 1980ರ ದಶಕದ ಜೀವವಿಜ್ಞಾನದ ಲ್ಯಾಬ್‌ಗಳಲ್ಲಿ ದಿನವೂ ಕೇಳುತ್ತಿತ್ತು.

ಜೆಲ್ ಗಟ್ಟಿಯಾದ ಮೇಲೆ ಅದಕ್ಕೆ ಸಾವಿರದೈನೂರು ವೋಲ್ಟ್‌ಗೂ ಮೀರಿದ ವಿದ್ಯುತ್. ಗಾಜು ಮುಟ್ಟಿದರೆ ಬಿಸಿ. ಗಂಟೆಗಳ ನಂತರ ಜೆಲ್ ಬಿಡಿಸಿ, ಕಾಗದದ ಮೇಲೆ ಒಣಗಿಸಿ, ಕತ್ತಲಕೋಣೆಯಲ್ಲಿ ಎಕ್ಸ್‌ರೇ ಫಿಲ್ಮಿಗೆ ಒತ್ತಿಟ್ಟು ಮನೆಗೆ ಹೋಗುವುದು. ಮರುದಿನ ಫಿಲ್ಮ್ ತೊಳೆದಾಗ ನಾಲ್ಕು ಸಾಲುಗಳಲ್ಲಿ ಕಪ್ಪು ಗೆರೆಗಳು. ಬೆಳಕಿನ ಪೆಟ್ಟಿಗೆಯ ಮೇಲೆ ಬಗ್ಗಿ ಒಬ್ಬರು ಕೆಳಗಿನಿಂದ ಮೇಲಕ್ಕೆ ಓದಿ ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು: ಜಿ, ಎ, ಟಿ, ಟಿ, ಸಿ...

ಒಂದು ಮಾದರಿಯಿಂದ ಇನ್ನೂರು, ಮುನ್ನೂರು ಅಕ್ಷರ ಸ್ಪಷ್ಟವಾಗಿ ಸಿಕ್ಕರೆ ಅದೇ ದೊಡ್ಡದು. ಮನುಷ್ಯನ ಡಿಎನ್‌ಎಯಲ್ಲಿರುವುದು ಸುಮಾರು 300 ಕೋಟಿ.

ಗೊತ್ತಿದ್ದೂ ಓದಲಾಗದ ಪುಸ್ತಕ

ಡಿಎನ್‌ಎ ದಿನ ಬಂದಾಗೆಲ್ಲ ಪತ್ರಿಕೆಗಳಲ್ಲಿ ಅದೇ ಜೋಡಿ ಸುರುಳಿಯ ಚಿತ್ರ. ವಾಟ್ಸನ್ ಮತ್ತು ಕ್ರಿಕ್ ಅವರ ಪ್ರಬಂಧ 'ನೇಚರ್' ಪತ್ರಿಕೆಯಲ್ಲಿ ಬಂದದ್ದು 1953ರ ಏಪ್ರಿಲ್ 25ರಂದು. ಹಾಗಾಗಿ ಈ ದಿನಾಂಕ. ಸುರುಳಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಆ ರಚನೆ ಗೊತ್ತಾದ ಮೇಲೂ ಅದರೊಳಗಿನ ಎ, ಟಿ, ಜಿ, ಸಿ ಅಕ್ಷರಗಳ ಸಾಲನ್ನು ಸಲೀಸಾಗಿ ಓದಲು ಜಗತ್ತು ಇನ್ನೂ 24 ವರ್ಷ ಕಾಯಬೇಕಾಯಿತು ಎನ್ನುವುದನ್ನು ಯಾರೂ ಹೆಚ್ಚು ಹೇಳುವುದಿಲ್ಲ.

ತಡವಾದದ್ದು ಏಕೆ? ಪ್ರೋಟೀನ್ ಓದುವುದು ಆಗಲೇ ಗೊತ್ತಿತ್ತು. ಅದನ್ನು ಸಾಧ್ಯವೆಂದು ತೋರಿಸಿದವರೇ ಫ್ರೆಡರಿಕ್ ಸ್ಯಾಂಗರ್. ಇನ್ಸುಲಿನ್‌ನ 51 ಅಮೈನೋ ಆಮ್ಲಗಳ ಸಾಲನ್ನು ಬಿಡಿಸಿದ್ದಕ್ಕೆ 1958ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದಿತ್ತು. ಪ್ರೋಟೀನನ್ನು ಬೇರೆ ಬೇರೆ ಜಾಗದಲ್ಲಿ ತುಂಡರಿಸಿ, ತುಂಡುಗಳನ್ನು ಒಂದಕ್ಕೊಂದು ಹೊಂದಿಸಿ ಓದಿದ್ದರು. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಿರುವಲ್ಲಿ ಪ್ರತಿ ತುಂಡಿಗೂ ಒಂದು ಗುರುತು ಸಿಗುತ್ತದೆ. ಡಿಎನ್‌ಎಯಲ್ಲಿ ನಾಲ್ಕೇ ಅಕ್ಷರ. ಉದ್ದವೋ ವಿಪರೀತ. ತುಂಡರಿಸಿದರೆ ಎಲ್ಲ ತುಂಡೂ ಒಂದೇ ತೆರ.

ಒಡೆದು ಓದುವ ತನ್ನದೇ ದಾರಿಯನ್ನು ಸ್ಯಾಂಗರ್ ಕೈಬಿಟ್ಟರು. ಒಡೆಯುವ ಬದಲು ಕಟ್ಟಿಸು. ಡಿಎನ್‌ಎಯ ಒಂದು ಎಳೆಯನ್ನು ಕಿಣ್ವಕ್ಕೆ ಕೊಟ್ಟು ನಕಲು ಮಾಡಲು ಬಿಡು, ಅದು ಹೋಗುತ್ತಿರುವಾಗ ಎಲ್ಲಿ ಯಾವ ಅಕ್ಷರಕ್ಕೆ ನಿಂತಿತು ಎಂದು ನೋಡು. ನಿಲ್ಲಿಸುವುದು ಹೇಗೆ ಎನ್ನುವುದೊಂದೇ ಉಳಿದ ಪ್ರಶ್ನೆ.

ಕೇಂಬ್ರಿಡ್ಜ್‌ನ ಅಣುಜೀವವಿಜ್ಞಾನ ಪ್ರಯೋಗಾಲಯದಲ್ಲಿ ಮೊದಲು ಮಾಡಿದ ಉಪಾಯಕ್ಕೆ 'ಪ್ಲಸ್ ಮತ್ತು ಮೈನಸ್' ಎಂದು ಹೆಸರು. ನಾಲ್ಕರಲ್ಲಿ ಒಂದು ಅಕ್ಷರವನ್ನು ಕೊಡದೆ ಬಿಟ್ಟರೆ ಆ ಅಕ್ಷರ ಬೇಕಾದ ಜಾಗದಲ್ಲಿ ಕಿಣ್ವ ತಾನಾಗಿ ನಿಲ್ಲುತ್ತದೆ. ಒಂದೇ ಅಕ್ಷರ ಮೂರು ನಾಲ್ಕು ಬಾರಿ ಸಾಲಾಗಿ ಬಂದಲ್ಲಿ ಮಾತ್ರ ಎಷ್ಟು ಬಾರಿ ಬಂದಿದೆ ಎಂದು ತಿಳಿಯದೆ ತಡವರಿಸಬೇಕು. ಇದೇ ತೊಡಕಿನ ವಿಧಾನದಲ್ಲಿ ಬ್ಯಾಕ್ಟೀರಿಯಾಗಳನ್ನು ಕಾಡುವ ಫೈಎಕ್ಸ್174 ಎಂಬ ವೈರಸ್ಸಿನ ಪೂರ್ತಿ ಜೀನೋಮನ್ನು ಸ್ಯಾಂಗರ್ ತಂಡ ಓದಿ, 1977ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಡಿಎನ್‌ಎ ಜೀನೋಮೊಂದನ್ನು ತುದಿಯಿಂದ ತುದಿಗೆ ಓದಿದ್ದು ಅದೇ ಮೊದಲು. ತಿದ್ದುಪಡಿಯ ನಂತರ ಅಂತಿಮ ಲೆಕ್ಕ 5,386 ಅಕ್ಷರ.

ಹಿಂಬದಿಯ ಕೊಂಡಿ ಇಲ್ಲದ ಬೋಗಿ

ಅದೇ ವರ್ಷ ಡಿಸೆಂಬರ್‌ನಲ್ಲಿ ಸ್ಯಾಂಗರ್, ನಿಕ್ಲೆನ್ ಮತ್ತು ಕೌಲ್ಸನ್ ಮೂವರ ಹೆಸರಿನಲ್ಲಿ ಇನ್ನೊಂದು ಪ್ರಬಂಧ ಬಂತು. ಪುಟಗಳು ನಾಲ್ಕೈದು ಅಷ್ಟೇ. ಮುಂದಿನ ಮೂರು ದಶಕ ಜಗತ್ತೇ ನಡೆದದ್ದು ಅದರ ದಾರಿಯಲ್ಲಿ.

ಉಪಾಯ ಇದು. ಡಿಎನ್‌ಎ ಕಟ್ಟುವ ಪ್ರತಿ ಅಕ್ಷರದಲ್ಲೂ ಒಂದು ಸಕ್ಕರೆ ಅಣು ಇರುತ್ತದೆ. ಆ ಸಕ್ಕರೆಯ ಮೂರನೆಯ ಇಂಗಾಲಕ್ಕೆ ಒಂದು ಆಮ್ಲಜನಕ, ಅದರ ತುದಿಗೊಂದು ಜಲಜನಕ. ಮುಂದಿನ ಅಕ್ಷರ ಬಂದು ಕೂಡಿಕೊಳ್ಳುವುದು ಆ ಆಮ್ಲಜನಕಕ್ಕೇ. ಅದೊಂದನ್ನು ತೆಗೆದುಬಿಟ್ಟರೆ? ಅಕ್ಷರ ನೋಡಲು ಮಾಮೂಲಿನಂತೆಯೇ ಇರುತ್ತದೆ, ಕಿಣ್ವ ಅದನ್ನು ನಂಬಿ ಎಳೆಗೆ ಸೇರಿಸುತ್ತದೆ, ಆಮೇಲೆ ಮುಂದಕ್ಕೆ ಹೋಗಲು ದಾರಿಯಿಲ್ಲ. ರೈಲಿಗೆ ಹಿಂಬದಿಯ ಕೊಂಡಿ ಇಲ್ಲದ ಬೋಗಿಯೊಂದನ್ನು ಜೋಡಿಸಿದ ಹಾಗೆ: ಮುಂದಿನ ಬೋಗಿಗೆ ಅದು ಸರಿಯಾಗಿಯೇ ಕೂಡಿಕೊಂಡಿತು, ಅದರ ಹಿಂದೆ ಮಾತ್ರ ಇನ್ನು ಏನನ್ನೂ ಸಿಕ್ಕಿಸಲಾಗದು.

ಈ ಕೊಂಡಿಯಿಲ್ಲದ ಅಕ್ಷರಗಳ ಹೆಸರು ಡೈಡಿಆಕ್ಸಿನ್ಯೂಕ್ಲಿಯೊಟೈಡ್. ಇವು ಕಿಣ್ವವನ್ನು ತಡೆಯುತ್ತವೆ ಎಂಬುದು ಆರ್ಥರ್ ಕಾರ್ನ್‌ಬರ್ಗ್ ತಂಡದ ಕೆಲಸದಿಂದ 1969ರಲ್ಲೇ ಗೊತ್ತಿತ್ತು. ಆ ತಡೆಯನ್ನು ಓದಲು ಬಳಸಬಹುದು ಎಂದು ಕಂಡದ್ದು ಸ್ಯಾಂಗರ್‌ಗೆ. ಆಗ ಇವುಗಳಲ್ಲಿ ಹೆಚ್ಚಿನವನ್ನು ಅಂಗಡಿಯಲ್ಲಿ ಮಾರುತ್ತಿರಲಿಲ್ಲ. ಲ್ಯಾಬಿನಲ್ಲೇ ಕೂತು ತಯಾರಿಸಿಕೊಳ್ಳಬೇಕಾಯಿತು.

ನಾಲ್ಕು ನಳಿಕೆ. ನಾಲ್ಕರಲ್ಲೂ ಓದಬೇಕಾದ ಡಿಎನ್‌ಎ, ನಕಲು ಎಲ್ಲಿಂದ ಶುರುವಾಗಬೇಕು ಎಂದು ತೋರಿಸುವ ಪ್ರೈಮರ್ ಎಂಬ ಸಣ್ಣ ತುಂಡು, ಪಾಲಿಮರೇಸ್ ಕಿಣ್ವ, ನಾಲ್ಕೂ ಬಗೆಯ ಮಾಮೂಲಿ ಅಕ್ಷರಗಳು. ಅವುಗಳಲ್ಲಿ ಒಂದಕ್ಕೆ ವಿಕಿರಣಶೀಲ ರಂಜಕದ ಗುರುತು. ಇದರ ಮೇಲೆ ಮೊದಲ ನಳಿಕೆಗೆ ಕೊಂಡಿಯಿಲ್ಲದ 'ಎ', ಎರಡನೆಯದಕ್ಕೆ 'ಟಿ', ಹೀಗೆ. 'ಎ' ನಳಿಕೆಯಲ್ಲಿ ನಡೆಯುವ ಲಕ್ಷಗಟ್ಟಲೆ ನಕಲುಗಳಲ್ಲಿ ಕೆಲವು ಮೊದಲ 'ಎ' ಬಳಿ ನಿಲ್ಲುತ್ತವೆ, ಕೆಲವು ಎರಡನೆಯದರ ಬಳಿ, ಕೆಲವು ಹತ್ತನೆಯದರ ಬಳಿ. ಸಾಲಿನಲ್ಲಿ 'ಎ' ಇರುವ ಪ್ರತಿ ಜಾಗಕ್ಕೂ ಅಷ್ಟೇ ಉದ್ದದ ತುಂಡುಗಳು ತಯಾರಾಗುತ್ತವೆ.

ಬೆರಕೆಯ ಹದವೇ ಇಲ್ಲಿ ಎಲ್ಲ. ಕೊಂಡಿಯಿಲ್ಲದ ಅಕ್ಷರ ಹೆಚ್ಚಾದರೆ ಎಲ್ಲ ನಕಲೂ ಶುರುವಿನಲ್ಲೇ ನಿಂತುಹೋಗುತ್ತವೆ. ಕಡಿಮೆಯಾದರೆ ಯಾವುದೂ ನಿಲ್ಲದೆ ಕೊನೆಯವರೆಗೆ ಓಡಿಬಿಡುತ್ತವೆ.

ಇನ್ನು ಉಳಿದದ್ದು ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವುದು, ಅದೂ ಒಂದೇ ಒಂದು ಅಕ್ಷರದ ವ್ಯತ್ಯಾಸ ತಿಳಿಯುವಷ್ಟು ನಿಖರವಾಗಿ. ಆ ಗಾಜಿನ ಹಾಳೆಗಳ ಪಾಡೆಲ್ಲ ಇದಕ್ಕಾಗಿ. ಡಿಎನ್‌ಎಯ ಬೆನ್ನೆಲುಬಿನ ಫಾಸ್ಫೇಟ್‌ಗಳಿಗೆ ಋಣ ವಿದ್ಯುದಂಶ ಇರುವುದರಿಂದ ಅದು ಧನ ಧ್ರುವದ ಕಡೆಗೆ ಎಳೆಯಲ್ಪಡುತ್ತದೆ. ದಟ್ಟವಾದ ಜೆಲ್‌ನ ಒಳಗೆ ಚಿಕ್ಕ ತುಂಡು ಬೇಗ ನುಸುಳುತ್ತದೆ, ಉದ್ದದ್ದು ಹಿಂದೆ ಬೀಳುತ್ತದೆ. ನಾಲ್ಕು ನಳಿಕೆಗಳ ದ್ರವವನ್ನು ಪಕ್ಕಪಕ್ಕದ ನಾಲ್ಕು ಸಾಲಿಗೆ ಹಾಕಿ ಓಡಿಸಿದರೆ, ಕೆಳಗಿನಿಂದ ಮೇಲಕ್ಕೆ ಯಾವ ಗೆರೆ ಯಾವ ಸಾಲಿನಲ್ಲಿದೆ ಎಂದು ನೋಡುತ್ತ ಹೋದರಾಯಿತು. ಡಿಎನ್‌ಎ ತನ್ನನ್ನು ತಾನೇ ಬರೆದುಕೊಟ್ಟಿರುತ್ತದೆ.

---

ಬಾಕ್ಸ್: ಜೆಲ್ ಒಳಗೆ ಏನಿದೆ?

*ಅಕ್ರಿಲಮೈಡ್:* ಪುಡಿಯಾಗಿ, ದ್ರಾವಣವಾಗಿ ಇರುವಾಗ ನರಗಳಿಗೆ ವಿಷ. ಹೆಣೆದುಕೊಂಡು ಜೆಲ್ ಆದ ಮೇಲೆ ಹಾಗಿಲ್ಲ. ಕೈಗವಸು ಯಾವಾಗ ಬೇಕೇಬೇಕು ಎಂದು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತಿದ್ದರು.

*ಯೂರಿಯಾ:* ಹೌದು, ಹೊಲಕ್ಕೆ ಹಾಕುವ ಅದೇ ಯೂರಿಯಾ, ಶುದ್ಧ ರೂಪದಲ್ಲಿ. ಎಳೆ ತನ್ನೊಳಗೆ ತಾನೇ ಮಡಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಮಡಚಿಕೊಂಡ ತುಂಡು ತನ್ನ ಉದ್ದಕ್ಕೆ ತಕ್ಕುದಕ್ಕಿಂತ ವೇಗವಾಗಿ ಓಡಿ ಓದುವವರನ್ನು ದಾರಿ ತಪ್ಪಿಸುತ್ತದೆ.

*ಗಂಧಕ-35:* ಮೊದಲು ಬಳಸುತ್ತಿದ್ದದ್ದು ರಂಜಕ-32. ಅದರ ಅರ್ಧಾಯು 14 ದಿನ. ಅದರ ಪ್ರಬಲ ಕಿರಣ ಫಿಲ್ಮಿನ ಮೇಲೆ ಗೆರೆಯನ್ನು ಹರಡಿಸುತ್ತಿತ್ತು. ಆಮೇಲೆ ಬಂದ ಗಂಧಕದ್ದು ಸೌಮ್ಯ ವಿಕಿರಣ. ಅರ್ಧಾಯು ಸುಮಾರು 87 ದಿನ, ಗೆರೆ ಚೂಪು.

---

ರಾಕೆಟ್ ಇಂಧನದ ಪ್ರತಿಸ್ಪರ್ಧಿ

ಸ್ಯಾಂಗರ್ ಒಬ್ಬರೇ ಕಣದಲ್ಲಿರಲಿಲ್ಲ. ಹಾರ್ವರ್ಡ್‌ನಲ್ಲಿ ಆಲನ್ ಮ್ಯಾಕ್ಸಮ್ ಮತ್ತು ವಾಲ್ಟರ್ ಗಿಲ್ಬರ್ಟ್ ಅದೇ 1977ರಲ್ಲಿ, ಕೆಲವು ತಿಂಗಳು ಮುಂಚೆಯೇ, ಬೇರೊಂದು ವಿಧಾನ ಪ್ರಕಟಿಸಿದ್ದರು. ಅದು ಒಡೆಯುವ ದಾರಿ. ತುದಿಗೆ ವಿಕಿರಣದ ಗುರುತು ಹಚ್ಚಿದ ಡಿಎನ್‌ಎಯನ್ನು ನಿರ್ದಿಷ್ಟ ಅಕ್ಷರಗಳ ಬಳಿಯೇ ರಾಸಾಯನಿಕದಿಂದ ಘಾಸಿಗೊಳಿಸುವುದು, ಆಮೇಲೆ ಪೈಪೆರಿಡಿನ್ ಹಾಕಿ ಕಾಯಿಸಿ ಮುರಿಯುವುದು. 'ಜಿ'ಗೆ ಡೈಮೀಥೈಲ್ ಸಲ್ಫೇಟ್, 'ಸಿ' ಮತ್ತು 'ಟಿ'ಗಳಿಗೆ ಹೈಡ್ರಜಿನ್. ಮೊದಲನೆಯದು ಕಟು ವಿಷ. ಎರಡನೆಯದನ್ನು ರಾಕೆಟ್ಟಿಗೂ ತುಂಬುತ್ತಾರೆ!

ಶುರುವಿನಲ್ಲಿ ಈ ವಿಧಾನವೇ ಹೆಚ್ಚು ಜನಪ್ರಿಯವಾಗಿತ್ತು ಎಂದರೆ ಇಂದಿನವರಿಗೆ ಅಚ್ಚರಿಯಾದೀತು. ಸ್ಯಾಂಗರ್ ದಾರಿಗೆ ಒಂಟಿ ಎಳೆಯ ಡಿಎನ್‌ಎ ಬೇಕು, ಅದನ್ನು ಪಡೆಯುವುದು ಕಷ್ಟವಿತ್ತು. ಎಂ13 ಎಂಬ ವೈರಸ್ಸಿನೊಳಗೆ ಬೇಕಾದ ತುಂಡನ್ನು ಸೇರಿಸಿ ಒಂಟಿ ಎಳೆಯಾಗಿಯೇ ಬೆಳೆಸಿಕೊಳ್ಳುವ ಉಪಾಯವನ್ನು ಯೋಆಕಿಮ್ ಮೆಸ್ಸಿಂಗ್ ರೂಪಿಸಿಕೊಟ್ಟ ಮೇಲೆ ತಕ್ಕಡಿ ವಾಲಿತು. ಪ್ರೈಮರ್ ಕೂಡ ಎಲ್ಲರಿಗೂ ಒಂದೇ ಸಾಕಾಯಿತು. 1981ರಲ್ಲಿ ಮನುಷ್ಯನ ಮೈಟೊಕಾಂಡ್ರಿಯಾದ 16,569 ಅಕ್ಷರ, 1982ರಲ್ಲಿ ಲ್ಯಾಂಬ್ಡಾ ವೈರಸ್ಸಿನ 48,502: ಎರಡೂ ಕೇಂಬ್ರಿಡ್ಜ್‌ನವೇ. ಈ ಮಧ್ಯೆ, 1980ರ ನೊಬೆಲ್ಲನ್ನು ಸ್ಯಾಂಗರ್, ಗಿಲ್ಬರ್ಟ್ ಹಾಗೂ ಪಾಲ್ ಬರ್ಗ್ ಹಂಚಿಕೊಂಡಿದ್ದರು.

---

ಬಾಕ್ಸ್: 'ಸರ್' ಬೇಡವೆಂದ ಸ್ಯಾಂಗರ್

1918ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಹುಟ್ಟಿದವರು. ರಸಾಯನಶಾಸ್ತ್ರದ ನೊಬೆಲ್ಲನ್ನೇ ಎರಡು ಬಾರಿ ಪಡೆದವರು ಇಬ್ಬರು. ಒಬ್ಬರು ಸ್ಯಾಂಗರ್; ಇನ್ನೊಬ್ಬರು, 2022ರಲ್ಲಿ, ಬ್ಯಾರಿ ಶಾರ್ಪ್‌ಲೆಸ್. ಹೆಸರಿನ ಹಿಂದೆ 'ಸರ್' ಎಂದು ಕರೆಸಿಕೊಳ್ಳುವುದು ಇಷ್ಟವಿಲ್ಲವೆಂದು ನೈಟ್ ಪದವಿ ನಿರಾಕರಿಸಿದರು. ಇನ್ನೂ ಕೆಲಸ ಮಾಡುವ ಶಕ್ತಿಯಿದ್ದಾಗಲೇ 1983ರಲ್ಲಿ, 65ನೇ ವಯಸ್ಸಿಗೆ, ಲ್ಯಾಬ್ ಬಿಟ್ಟು ತೋಟಗಾರಿಕೆ ಹಿಡಿದರು. 2013ರ ನವೆಂಬರ್‌ನಲ್ಲಿ ತೀರಿಕೊಂಡರು. ಕೇಂಬ್ರಿಡ್ಜ್ ಬಳಿಯ ಹಿಂಕ್ಸ್‌ಟನ್‌ನಲ್ಲಿ 1993ರಲ್ಲಿ ತೆರೆದ ಜೀನೋಮ್ ಕೇಂದ್ರಕ್ಕೆ ಅವರದೇ ಹೆಸರು.

---

ಕಪ್ಪುಬಿಳುಪಿನಿಂದ ಬಣ್ಣಕ್ಕೆ

ಕೈಯಲ್ಲಿ ಜೆಲ್ ಸುರಿದು, ಕಣ್ಣಲ್ಲಿ ಗೆರೆ ಓದಿ 300 ಕೋಟಿ ಅಕ್ಷರ ಮುಗಿಸುವುದು ಆಗುಹೋಗುವ ಮಾತಲ್ಲ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಲಿರಾಯ್ ಹುಡ್ ತಂಡದ ಲಾಯ್ಡ್ ಸ್ಮಿತ್ ಮತ್ತು ಗೆಳೆಯರು ವಿಕಿರಣವನ್ನೇ ಬಿಟ್ಟುಬಿಟ್ಟರು. ನಾಲ್ಕು ನಳಿಕೆಯ ಪ್ರೈಮರ್‌ಗಳಿಗೆ ನಾಲ್ಕು ಹೊಳೆಯುವ ಬಣ್ಣ ಅಂಟಿಸಿದರು. ಈಗ ನಾಲ್ಕನ್ನೂ ಬೆರೆಸಿ ಒಂದೇ ಸಾಲಿನಲ್ಲಿ ಓಡಿಸಬಹುದು. ಜೆಲ್‌ನ ಕೆಳತುದಿಯಲ್ಲಿ ಆರ್ಗಾನ್ ಲೇಸರ್ ಕಾದು ನಿಂತಿರುತ್ತದೆ. ತುಂಡು ಎದುರಿಗೆ ಬಂದೊಡನೆ ಅದರ ಬಣ್ಣ ಹೊಳೆಯುತ್ತದೆ, ಕಂಪ್ಯೂಟರ್ ದಾಖಲಿಸಿಕೊಳ್ಳುತ್ತದೆ. 1986ರಲ್ಲಿ ಪ್ರಬಂಧ ಬಂತು, ಬೆನ್ನಿಗೇ ಅಪ್ಲೈಡ್ ಬಯೋಸಿಸ್ಟಮ್ಸ್ ಕಂಪನಿಯ 370ಎ ಯಂತ್ರವೂ ಬಂತು.

ಮರುವರ್ಷ ಡುಪಾಂಟ್ ಕಂಪನಿಯವರು ಇನ್ನೊಂದು ಹೆಜ್ಜೆ ಹೋದರು. ಬಣ್ಣವನ್ನು ಪ್ರೈಮರಿಗೆ ಅಂಟಿಸುವ ಬದಲು ನಿಲ್ಲಿಸುವ ಅಕ್ಷರಕ್ಕೇ ಅಂಟಿಸಿದರು. ನಾಲ್ಕು ನಳಿಕೆಯ ಕೆಲಸ ಒಂದಕ್ಕೆ ಇಳಿಯಿತು. ಕಿಣ್ವ ಎಲ್ಲಿ ನಿಂತಿತೋ ಅಲ್ಲಿ ಆ ಅಕ್ಷರದ ಬಣ್ಣವೇ ಅಂಟಿರುತ್ತದೆ. ದಾರಿಯಲ್ಲಿ ಸುಮ್ಮನೆ ಬಿದ್ದುಹೋದ ನಕಲಿಗೆ ಬಣ್ಣವೇ ಇರುವುದಿಲ್ಲ, ಯಂತ್ರಕ್ಕೆ ಅದು ಕಾಣುವುದೂ ಇಲ್ಲ.

ಕೇಳಲು ಚೆನ್ನ. ಕಿಣ್ವ ಒಪ್ಪಬೇಕಲ್ಲ?

ಒಪ್ಪುತ್ತಿರಲಿಲ್ಲ. ಆ ಹೊತ್ತಿಗೆ ಎಲ್ಲರ ಕೈಗೆ ಬಂದಿದ್ದ ಕಿಣ್ವ ಟ್ಯಾಕ್. ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದ ಬಿಸಿನೀರಿನ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಕಂಡು, 1969ರಲ್ಲಿ ವರದಿ ಮಾಡಿದ ಥರ್ಮಸ್ ಅಕ್ವಾಟಿಕಸ್ ಬ್ಯಾಕ್ಟೀರಿಯಾದ್ದು. ಕಾಯಿಸಿದರೂ ಕೆಡದ ಗುಣದಿಂದಾಗಿ, ಡಿಎನ್‌ಎಯನ್ನು ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ಗೆ ಅದೇ ಜೀವಾಳ. ಸೀಕ್ವೆನ್ಸಿಂಗ್‌ನಲ್ಲೂ (ಅಕ್ಷರಗಳ ಸಾಲು ಓದುವುದಕ್ಕೆ ಈ ಹೆಸರು) ಕಾಯಿಸಿ, ತಣಿಸಿ, ಮತ್ತೆ ಕಾಯಿಸಿ ಒಂದೇ ಅಚ್ಚಿನಿಂದ ಹತ್ತಾರು ಸುತ್ತು ನಕಲು ತೆಗೆಯಬಹುದು. ಆದರೆ ಟ್ಯಾಕ್ ಕೊಂಡಿಯಿಲ್ಲದ ಅಕ್ಷರವನ್ನು ಗುರುತು ಹಿಡಿದು ದೂರ ತಳ್ಳುತ್ತಿತ್ತು. ಆರಿಸಿ ಆರಿಸಿ ಮಾಮೂಲಿ ಅಕ್ಷರವನ್ನೇ ಎತ್ತಿಕೊಳ್ಳುತ್ತಿತ್ತು. ಫಲವಾಗಿ ಕಂಪ್ಯೂಟರ್ ಬರೆದ ಅಲೆಗಳು ಒಂದು ಎತ್ತರ, ಒಂದು ಗಿಡ್ಡ. ಕೆಲವು ಕಾಣುವುದೇ ಇಲ್ಲ.

ಹಾರ್ವರ್ಡ್‌ನ ಸ್ಟ್ಯಾನ್ಲಿ ಟೇಬರ್ ಮತ್ತು ಚಾರ್ಲ್ಸ್ ರಿಚರ್ಡ್‌ಸನ್ ಟಿ7 ಎಂಬ ವೈರಸ್ಸಿನ ಕಿಣ್ವವನ್ನು ಬಹುಕಾಲದಿಂದ ಬಲ್ಲವರು. ಅದು ಇಂಥ ಭೇದ ಮಾಡುತ್ತಿರಲಿಲ್ಲ. ಎರಡೂ ಕಿಣ್ವಗಳಲ್ಲಿ ಅಕ್ಷರ ಬಂದು ಕೂರುವ ಜಾಗವನ್ನು ಹೋಲಿಸಿ ನೋಡಿದಾಗ ಗುಟ್ಟು ಸಿಕ್ಕಿತು. ಟಿ7ನಲ್ಲಿ ಟೈರೊಸಿನ್ ಇದ್ದ ಕಡೆ ಟ್ಯಾಕ್‌ನಲ್ಲಿ, 667ನೇ ಸ್ಥಾನದಲ್ಲಿ, ಫೀನೈಲಾಲನಿನ್ ಇತ್ತು. ಅದೊಂದನ್ನು ಟೈರೊಸಿನ್‌ಗೆ ಬದಲಿಸಿದರು. ಭೇದಭಾವ ನೂರಾರು ಪಟ್ಟು, ಕೆಲವು ಕಡೆ ಸಾವಿರಾರು ಪಟ್ಟು ಇಳಿದುಹೋಯಿತು.

ಫೀನೈಲಾಲನಿನ್‌ಗೂ ಟೈರೊಸಿನ್‌ಗೂ ಇರುವ ವ್ಯತ್ಯಾಸವೇನು ಗೊತ್ತೆ? ಒಂದು ಆಮ್ಲಜನಕ. ಅಕ್ಷರದಲ್ಲಿ ಕಳೆದದ್ದನ್ನು ಕಿಣ್ವದಲ್ಲಿ ಕೂಡಿಸಿದ ಹಾಗಾಯಿತು. ಸೀಕ್ವೆನ್ಸಿಂಗ್ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಚೆಂದದ ಲೆಕ್ಕ ನನಗೆ ಕಂಡಿಲ್ಲ. 1995ರ ಈ ಕೆಲಸಕ್ಕೆ ಜೋಡಿ ಸುರುಳಿಗೆ ಸಿಕ್ಕ ಪ್ರಸಿದ್ಧಿಯ ನೂರರಲ್ಲೊಂದು ಪಾಲೂ ಸಿಗಲಿಲ್ಲ.

ಬಣ್ಣಗಳಿಗೂ ಅವುಗಳದೇ ರಗಳೆ ಇತ್ತು. ಒಂದೇ ಲೇಸರ್ ನಾಲ್ಕೂ ಬಣ್ಣವನ್ನು ಸಮಾನವಾಗಿ ಬೆಳಗಿಸದು. ಅದಕ್ಕೆ ಎರಡೆರಡು ಬಣ್ಣಗಳ ಜೋಡಿ ಕಟ್ಟಿದರು. ಒಂದು ಬಣ್ಣ ಲೇಸರ್ ಬೆಳಕನ್ನು ಹೀರಿ ಪಕ್ಕದ್ದಕ್ಕೆ ದಾಟಿಸುತ್ತದೆ, ಪಕ್ಕದ್ದು ತನ್ನ ಬಣ್ಣದಲ್ಲಿ ಹೊಳೆಯುತ್ತದೆ. 1997ರಿಂದ ಲ್ಯಾಬ್‌ಗಳಲ್ಲಿ ಮನೆಮಾತಾದ 'ಬಿಗ್‌ಡೈ' ಕಿಟ್ ಇದೇ ತತ್ವದ್ದು. ಅದರ ಸುತ್ತು ಇಂದಿಗೂ ಅನೇಕ ಪಿಸಿಆರ್ ಯಂತ್ರಗಳ ಮೆಮೊರಿಯಲ್ಲಿ ಕೂತಿದೆ: 96 ಡಿಗ್ರಿಯಲ್ಲಿ 10 ಸೆಕೆಂಡ್, 50ರಲ್ಲಿ 5 ಸೆಕೆಂಡ್, 60ರಲ್ಲಿ 4 ನಿಮಿಷ; ಹೀಗೆ 25 ಸುತ್ತು.

ಜೆಲ್ ಹೋಗಿ ನಳಿಕೆ ಬಂತು

ಗಾಜಿನ ಹಾಳೆಗೆ ವಿದಾಯ ಹೇಳಿದ್ದು ಕ್ಯಾಪಿಲರಿ. ಒಳವ್ಯಾಸ 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲಿನ ಗಾಜಿನ ನಳಿಕೆ, ಹೊರಗೆ ಕಂದು ಲೇಪ. ಲೇಸರ್ ಬೀಳುವಲ್ಲಿ ಮಾತ್ರ ಆ ಲೇಪ ತೆಗೆದು ಕಿಟಕಿ ಮಾಡಿರುತ್ತಾರೆ. ಒಳಗೆ ತುಂಬುವುದು ಹೆಣೆದುಕೊಳ್ಳದ ಪಾಲಿಮರ್. ಅದು ಹರಿಯುತ್ತದೆ; ಒಂದು ಓಟ ಮುಗಿದ ಮೇಲೆ ಪಂಪ್ ಮಾಡಿ ಹೊರದೂಡಿ ಹೊಸದನ್ನು ತುಂಬಬಹುದು. ಸುರಿಯುವುದು, ತಟ್ಟುವುದು, ಗುಳ್ಳೆ, ಬೆರಳಚ್ಚು ಎಲ್ಲಕ್ಕೂ ಮುಕ್ತಿ. ನಳಿಕೆ ಸಣ್ಣದಾದ್ದರಿಂದ ಶಾಖ ಬೇಗ ಹೊರಗೆ ಹೋಗುತ್ತದೆ, ವೋಲ್ಟೇಜ್ ಏರಿಸಬಹುದು, ಓಟ ಬೇಗ ಮುಗಿಯುತ್ತದೆ.

ಮಾದರಿ ಒಳಗೆ ಹೋಗುವುದೂ ವಿದ್ಯುತ್ತಿನ ಎಳೆತದಿಂದಲೇ. ಇಲ್ಲೊಂದು ಸೂಕ್ಷ್ಮ: ದ್ರವದಲ್ಲಿ ಉಪ್ಪಿನಂಶ ಉಳಿದಿದ್ದರೆ ಡಿಎನ್‌ಎಗಿಂತ ಮುಂಚೆ ಉಪ್ಪಿನ ಅಯಾನುಗಳೇ ಒಳನುಗ್ಗುತ್ತವೆ. ಹಾಗಾಗಿ ಆಲ್ಕೊಹಾಲಿನಲ್ಲಿ ಡಿಎನ್‌ಎಯನ್ನು ತಳಕ್ಕಿಳಿಸಿ, ತೊಳೆದು, ಫಾರ್ಮಮೈಡ್‌ನಲ್ಲಿ ಕರಗಿಸಿ ಕೊಡಬೇಕು. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಸಿಕ್ಕಿಬೀಳುವುದು ಖಂಡಿತ. ಅಂಟಿಕೊಳ್ಳದೆ ಉಳಿದ ಬಣ್ಣ ಎಪ್ಪತ್ತು, ಎಂಬತ್ತನೇ ಅಕ್ಷರದ ಆಸುಪಾಸಿನಲ್ಲಿ ದೊಡ್ಡ ಗುಡ್ಡೆಯಾಗಿ ಎದ್ದು ಕೂರುತ್ತದೆ. ಆ ಗುಡ್ಡೆ ಕಂಡರೆ ಮೇಲಿನವರು ಮೊದಲು ಕೇಳುವುದು, ಕ್ಲೀನಪ್ ಮಾಡಿದವರು ಯಾರು ಎಂದು.

96 ಕ್ಯಾಪಿಲರಿಗಳನ್ನು ಒಟ್ಟಿಗೆ ಓಡಿಸುವ, ಅಪ್ಲೈಡ್ ಬಯೋಸಿಸ್ಟಮ್ಸ್ ಕಂಪನಿಯ ಎಬಿಐ 3700 ಯಂತ್ರ 1998ರಲ್ಲಿ ಬಂತು. ಮಾನವ ಜೀನೋಮ್ ಯೋಜನೆ 1990ರಿಂದ ತೆವಳುತ್ತಿದ್ದದ್ದು ಓಡತೊಡಗಿದ್ದು ಆಗಲೇ. ಮೇರಿಲ್ಯಾಂಡಿನಲ್ಲಿ ಕ್ರೇಗ್ ವೆಂಟರ್ ಅವರ ಸೆಲೆರಾ ಕಂಪನಿ ಇಂಥ ಸುಮಾರು 300 ಯಂತ್ರ ಜೋಡಿಸಿ ಸರ್ಕಾರಿ ಯೋಜನೆಗೆ ಸವಾಲು ಹಾಕಿತು. 2000ದ ಜೂನ್ 26ರಂದು ಶ್ವೇತಭವನದಲ್ಲಿ ಕರಡು ಪ್ರತಿ ಘೋಷಣೆಯಾದಾಗ ವೇದಿಕೆಯ ಮೇಲೆ ವೆಂಟರ್ ಇದ್ದರು, ಸರ್ಕಾರಿ ಯೋಜನೆಯ ಮುಖ್ಯಸ್ಥ ಫ್ರಾನ್ಸಿಸ್ ಕಾಲಿನ್ಸ್ ಇದ್ದರು, ಅಧ್ಯಕ್ಷ ಕ್ಲಿಂಟನ್ ಇದ್ದರು. ಆ ನಳಿಕೆಗಳ ಬಗ್ಗೆ ಯೋಚಿಸಿದವರು ಕಡಿಮೆ. 2003ರ ಏಪ್ರಿಲ್‌ನಲ್ಲಿ ಯೋಜನೆ ಮುಗಿಯಿತೆಂದರು. ಖರ್ಚು ಸುಮಾರು 270 ಕೋಟಿ ಡಾಲರ್.

---

ಬಾಕ್ಸ್: ಕ್ಯೂ30 ಅಂದರೆ?

ಯಂತ್ರ ಓದಿದ ಪ್ರತಿ ಅಕ್ಷರಕ್ಕೂ ಒಂದು ನಂಬಿಕೆಯ ಅಂಕ ಇರುತ್ತದೆ. 1998ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಫಿಲ್ ಗ್ರೀನ್ ಮತ್ತು ಬ್ರೆಂಟ್ ಯೂಯಿಂಗ್ ಪ್ರಕಟಿಸಿದ 'ಫ್ರೆಡ್' ತಂತ್ರಾಂಶದಿಂದ ಬಂದ ಪದ್ಧತಿ. ಕ್ಯೂ20 ಎಂದರೆ ನೂರಕ್ಕೆ ಒಂದು ತಪ್ಪಿನ ಸಾಧ್ಯತೆ. ಕ್ಯೂ30 ಎಂದರೆ ಸಾವಿರಕ್ಕೆ ಒಂದು, ಕ್ಯೂ40 ಎಂದರೆ ಹತ್ತು ಸಾವಿರಕ್ಕೆ ಒಂದು.

---

ನಿಲ್ಲು, ಫೋಟೊ ತೆಗೆಯುತ್ತೇನೆ

ಸ್ಯಾಂಗರ್ ತಡೆ ಶಾಶ್ವತ. ಒಮ್ಮೆ ನಿಂತರೆ ಆ ನಕಲು ಮುಗಿಯಿತು. ತಡೆಯನ್ನು ತೆಗೆಯುವ ಹಾಗಿದ್ದರೆ?

ಕೇಂಬ್ರಿಡ್ಜ್‌ನಲ್ಲೇ, ಈ ಬಾರಿ ರಸಾಯನಶಾಸ್ತ್ರ ವಿಭಾಗದಲ್ಲಿ, ಇಬ್ಬರು ಇದನ್ನು ಹಿಡಿದು ಕೂತರು. ಚೆನ್ನೈಯಲ್ಲಿ 1966ರಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಬ್ರಿಟನ್‌ಗೆ ಹೋದ ಶಂಕರ್ ಬಾಲಸುಬ್ರಮಣಿಯನ್, ಮತ್ತು ಡೇವಿಡ್ ಕ್ಲೆನರ್ಮನ್. 1997ರ ಬೇಸಿಗೆಯಲ್ಲಿ ಪ್ಯಾಂಟನ್ ಆರ್ಮ್ಸ್ ಎಂಬ ಪಬ್ಬಿನಲ್ಲಿ ಬಿಯರ್ ಮುಂದಿಟ್ಟುಕೊಂಡು ಮಾತಾಡಿದ್ದು ಮುಂದಿನ ವರ್ಷ ಸೊಲೆಕ್ಸಾ ಕಂಪನಿಯಾಯಿತು. 2007ರಲ್ಲಿ ಅದನ್ನು ಇಲ್ಯುಮಿನಾ ಕೊಂಡುಕೊಂಡಿತು.

ಇವರ ಅಕ್ಷರದಲ್ಲಿ ಆಮ್ಲಜನಕ ಇದೆ. ಅದರ ಮೇಲೆ ಅಜಿಡೊಮೀಥೈಲ್ ಎಂಬ ಮುಚ್ಚಳವೂ ಇದೆ. ಪ್ರತಿ ಅಕ್ಷರಕ್ಕೆ ತನ್ನ ಬಣ್ಣ. ಗಾಜಿನ ಹಲಗೆಯ ಮೇಲೆ ಡಿಎನ್‌ಎ ತುಂಡುಗಳು ಅಂಟಿ, ಅಲ್ಲಲ್ಲೇ ನೂರಾರು ನಕಲಾಗಿ ಗುಂಪುಗಟ್ಟಿರುತ್ತವೆ. ಕಿಣ್ವ ಒಂದು ಅಕ್ಷರ ಸೇರಿಸಿ ನಿಲ್ಲುತ್ತದೆ. ಕ್ಯಾಮೆರಾ ಹಲಗೆಯ ಫೋಟೊ ತೆಗೆಯುತ್ತದೆ. ಟಿಸೆಪ್ ಎಂಬ ರಾಸಾಯನಿಕ ಹರಿದು ಬಂದು ಮುಚ್ಚಳವನ್ನೂ ಬಣ್ಣವನ್ನೂ ಕಿತ್ತುಹಾಕುತ್ತದೆ. ಮತ್ತೊಂದು ಅಕ್ಷರ, ಮತ್ತೊಂದು ಫೋಟೊ. ಹೀಗೆ ನೂರೈವತ್ತು ಸಲ, ಕೋಟ್ಯಂತರ ಗುಂಪುಗಳಲ್ಲಿ ಏಕಕಾಲಕ್ಕೆ.

ಗುಂಪಿನಲ್ಲಿ ಕೆಲವು ಎಳೆಗಳ ಮುಚ್ಚಳ ಸರಿಯಾಗಿ ತೆರೆಯದೆ ಹಿಂದೆ ಬೀಳುತ್ತವೆ. ಸುತ್ತು ಹೆಚ್ಚಿದಂತೆ ಬಣ್ಣ ಕಲಸಿಹೋಗುತ್ತದೆ. ಈ ಯಂತ್ರ ಉದ್ದ ಓದಲಾರದಿರುವುದಕ್ಕೆ ಇದೇ ಕಾರಣ. ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸಲು ಗೊತ್ತಿರುವ ಡಿಎನ್‌ಎಯೊಂದನ್ನು ಜೊತೆಗೆ ಬೆರೆಸುತ್ತಾರೆ. ಅದು ಯಾವುದು? ಫೈಎಕ್ಸ್174. ಸ್ಯಾಂಗರ್ ತಂಡ ಅಷ್ಟು ಕಷ್ಟಪಟ್ಟು ಓದಿದ ಆ ಪುಟ್ಟ ವೈರಸ್ಸನ್ನು ಈಗ ಜಗತ್ತಿನ ಸಾವಿರಾರು ಯಂತ್ರಗಳು ಮತ್ತೆ ಮತ್ತೆ ಓದುತ್ತಿವೆ.

ಇದೇ ಹೊತ್ತಿನಲ್ಲಿ ಬೇರೆ ಪ್ರಯತ್ನಗಳೂ ಬಂದು ಹೋದವು. ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಪೈರೊಸೀಕ್ವೆನ್ಸಿಂಗ್ ಮಿಂಚುಹುಳದ ಲೂಸಿಫರೇಸ್ ಕಿಣ್ವ ಬಳಸಿತು: ಅಕ್ಷರ ಸೇರಿದೊಡನೆ ಬೆಳಕು. ಅಯಾನ್ ಟೊರೆಂಟ್ ಯಂತ್ರ ಬೆಳಕನ್ನೂ ಬಿಟ್ಟು, ಅಕ್ಷರ ಸೇರುವಾಗ ಹೊರಬೀಳುವ ಜಲಜನಕ ಅಯಾನನ್ನು ಚಿಪ್ಪಿನ ಮೇಲೆ ಅಳೆಯಿತು. ಎರಡಕ್ಕೂ ತಡೆಯುವ ಅಕ್ಷರ ಇರಲಿಲ್ಲ. ಹಾಗಾಗಿ ಒಂದೇ ಅಕ್ಷರ ಸಾಲಾಗಿ ಏಳೆಂಟು ಬಂದರೆ ಎಣಿಕೆ ತಪ್ಪುತ್ತಿತ್ತು. ಪ್ಲಸ್-ಮೈನಸ್ ಕಾಲದ ಅದೇ ಹಳೆಯ ಕಾಯಿಲೆ.

ಬ್ರೇಕ್ ಹಾಕಿದವರು

1989ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಡೀಮರ್ ತಮ್ಮ ನೋಟ್‌ಬುಕ್ಕಿನಲ್ಲಿ ಒಂದು ಚಿತ್ರ ಬರೆದಿದ್ದರು. ಪೊರೆಯಲ್ಲೊಂದು ಪುಟ್ಟ ರಂಧ್ರ, ಅದರೊಳಗೆ ನುಸುಳುವ ಡಿಎನ್‌ಎ. ನುಸುಳುವಾಗ ರಂಧ್ರದ ಮೂಲಕ ಹರಿಯುವ ವಿದ್ಯುತ್ ಅಕ್ಷರಕ್ಕೊಂದು ಬಗೆಯಲ್ಲಿ ತಗ್ಗುತ್ತದೆ, ಅದನ್ನಳೆದರೆ ಓದಿದಂತೆ. ಕಿಣ್ವದ ನಕಲು ಬೇಡ, ಬಣ್ಣ ಬೇಡ, ಕ್ಯಾಮೆರಾ ಬೇಡ.

ತೊಂದರೆ ವೇಗದ್ದು. ತನ್ನಷ್ಟಕ್ಕೆ ಬಿಟ್ಟರೆ ಡಿಎನ್‌ಎ ಒಂದು ಅಕ್ಷರಕ್ಕೆ ಮೈಕ್ರೊಸೆಕೆಂಡಿನ ಆಸುಪಾಸು ಮಾತ್ರ ತೆಗೆದುಕೊಂಡು ದಾಟಿಬಿಡುತ್ತದೆ. ಅಷ್ಟರಲ್ಲಿ ಏನನ್ನು ಅಳೆಯುವುದು? ರಂಧ್ರದ ಬಾಯಲ್ಲಿ ಎಳೆಯನ್ನು ಹಿಡಿದು ಸ್ವಲ್ಪ ಸ್ವಲ್ಪವೇ ಬಿಡುವ ಪ್ರೋಟೀನು ಹುಡುಕುವುದರಲ್ಲೇ ವರ್ಷಗಳು ಕಳೆದವು. ಈಗಿನ ಆಕ್ಸ್‌ಫರ್ಡ್ ನ್ಯಾನೊಪೋರ್ ಯಂತ್ರಗಳಲ್ಲಿ ಹೆಲಿಕೇಸ್ ಜಾತಿಯ ಕಿಣ್ವವೊಂದು ಬ್ರೇಕ್ ಹಿಡಿದು ಕೂರುತ್ತದೆ. ಸೆಕೆಂಡಿಗೆ ಸುಮಾರು 400 ಅಕ್ಷರ.

2014ರಲ್ಲಿ ಸಂಶೋಧಕರ ಕೈಗೆ ಬಂದ ಅವರ ಮಿನಯಾನ್ ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಬಹುದು. 2015ರಲ್ಲಿ ಅದು ಸೂಟ್‌ಕೇಸಿನಲ್ಲಿ ಗಿನಿ ದೇಶಕ್ಕೆ ಹೋಗಿ ಎಬೊಲಾ ವೈರಸ್ ಓದಿತು. ಮರುವರ್ಷ ಗಗನಯಾತ್ರಿ ಕೇಟ್ ರೂಬಿನ್ಸ್ ಅಂತರಿಕ್ಷ ನಿಲ್ದಾಣದಲ್ಲಿ ಅದನ್ನು ಬಳಸಿದರು. 2003ರಲ್ಲಿ 'ಮುಗಿಯಿತು' ಎಂದ ಮಾನವ ಜೀನೋಮಿನಲ್ಲಿ ಉಳಿದಿದ್ದ ಸುಮಾರು ಶೇ 8ರ ಖಾಲಿ ಜಾಗ 2022ರಲ್ಲಿ ತುಂಬಿದ್ದು ಇಂಥ ಉದ್ದ ಓದುವ ಯಂತ್ರಗಳಿಂದಲೇ.

2025ರ ಫೆಬ್ರುವರಿಯಲ್ಲಿ ರೋಶ್ ಕಂಪನಿ ಇನ್ನೊಂದು ದಾರಿ ತೋರಿಸಿತು. ಅಕ್ಷರಗಳು ರಂಧ್ರಕ್ಕೆ ತೀರ ಒತ್ತೊತ್ತಾಗಿವೆ ಎಂದಾದರೆ ಅವನ್ನೇ ದೂರ ದೂರ ಇಡೋಣ. ಡಿಎನ್‌ಎಯನ್ನು ಅದಕ್ಕಿಂತ 50 ಪಟ್ಟು ಉದ್ದಕ್ಕೆ ಹಿಗ್ಗುವ ಬದಲಿ ಅಣುವಾಗಿ ನಕಲು ಮಾಡಿಸಿ, ಆಮೇಲೆ ರಂಧ್ರದೊಳಗೆ ಬಿಡುವುದು. ಪ್ರತಿ ಅಕ್ಷರ ರಂಧ್ರದಲ್ಲಿ ಒಂದು ಗಳಿಗೆ ತಂಗುವಂತೆ ಅಣುವಿನಲ್ಲೇ ಏರ್ಪಾಡು ಮಾಡಿದ್ದಾರೆ. ಮತ್ತೆ ಅದೇ ನಿಲ್ಲಿಸುವ ಮಾತು!

---

ಬಾಕ್ಸ್: ಬೆಂಗಳೂರಿನ ಮೇಜುಗಳಲ್ಲಿ

*ರಾಗಿ:* ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದ ತಂಡ ಎಂಎಲ್-365 ತಳಿಯ ರಾಗಿಯ ಜೀನೋಮನ್ನು 2017ರಲ್ಲಿ ಪ್ರಕಟಿಸಿತು.

*ಬೇವು:* ಬೆಂಗಳೂರಿನ ಗಣಿತ್ ಲ್ಯಾಬ್ಸ್ ಬೇವಿನ ಕರಡು ಜೀನೋಮನ್ನು 2012ರಲ್ಲಿ ಹೊರತಂದಿತು. *ತುಳಸಿ:* 2015ರಲ್ಲಿ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್‌ನಿಂದ.

*ಓಮೈಕ್ರಾನ್:* ಕೊರೊನಾ ವೈರಸ್ಸಿನ ಈ ರೂಪಾಂತರಿಯ ದೇಶದ ಮೊದಲ ಎರಡು ಪ್ರಕರಣಗಳು ಸೀಕ್ವೆನ್ಸಿಂಗ್‌ನಿಂದ ದೃಢಪಟ್ಟು ಘೋಷಣೆಯಾದದ್ದು 2021ರ ಡಿಸೆಂಬರ್ 2ರಂದು. ಎರಡೂ ಕರ್ನಾಟಕದವು.

*ಜೀನೋಮ್ ಇಂಡಿಯಾ:* ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದ ಈ ಯೋಜನೆಯ ನೇತೃತ್ವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ್ದು. ದತ್ತಾಂಶ ಬಿಡುಗಡೆಯಾದದ್ದು 2025ರ ಜನವರಿಯಲ್ಲಿ.

---

ಹಳೆಯ ಯಂತ್ರ ಮೂಲೆ ಸೇರಿಲ್ಲ

ಇಷ್ಟೆಲ್ಲ ಆದ ಮೇಲೆ ಸ್ಯಾಂಗರ್ ವಿಧಾನ ಬರೀ ಪಠ್ಯಪುಸ್ತಕದಲ್ಲಿ ಉಳಿದಿದೆ ಎಂದುಕೊಂಡರೆ ತಪ್ಪು. ಪೂರ್ತಿ ಜೀನೋಮ್ ಓದುವುದಕ್ಕೆ ಅದನ್ನು ಯಾರೂ ಬಳಸುವುದಿಲ್ಲ ಎನ್ನುವುದು ನಿಜ. ಆದರೆ ರೋಗಪತ್ತೆಯ ಲ್ಯಾಬ್‌ಗಳಲ್ಲಿ ಹೊಸ ಯಂತ್ರ ಒಂದು ಜೀನಿನಲ್ಲಿ ಅನುಮಾನದ ಅಕ್ಷರ ತೋರಿಸಿದಾಗ, ವರದಿ ರೋಗಿಯ ಕೈ ಸೇರುವ ಮುನ್ನ ಆ ಜಾಗವನ್ನಷ್ಟೇ ಮತ್ತೊಮ್ಮೆ ಸ್ಯಾಂಗರ್ ವಿಧಾನದಲ್ಲಿ ಓದಿ ಖಚಿತಪಡಿಸಿಕೊಳ್ಳುವ ರೂಢಿ ಇದೆ. ಒಂದು ನಳಿಕೆಯಲ್ಲಿ ಏಳೆಂಟು ನೂರು ಅಕ್ಷರ, ಕೆಲವು ಗಂಟೆಗಳ ಕೆಲಸ, ಖರ್ಚೂ ಕಡಿಮೆ. ಜೀನೊಂದನ್ನು ಉಂಗುರಾಕಾರದ ಡಿಎನ್‌ಎಯಾದ ಪ್ಲಾಸ್ಮಿಡ್‌ಗೆ ಸೇರಿಸಿದ ಸಂಶೋಧನಾ ವಿದ್ಯಾರ್ಥಿ ಸರಿಯಾಗಿ ಸೇರಿದೆಯೇ ಎಂದು ತಿಳಿಯಲು ನೆಚ್ಚುವುದೂ ಸಾಮಾನ್ಯವಾಗಿ ಇದನ್ನೇ.

ಪರದೆಯ ಮೇಲೆ ನಾಲ್ಕು ಬಣ್ಣದ ಅಲೆಗಳು ಏಳುತ್ತವೆ. 'ಎ' ಹಸಿರು, 'ಸಿ' ನೀಲಿ, 'ಟಿ' ಕೆಂಪು, 'ಜಿ' ಕಪ್ಪು. ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ ಬಂದಿರುವುದರಿಂದ ಎರಡರಲ್ಲೂ ಬೇರೆ ಬೇರೆ ಅಕ್ಷರವಿದ್ದರೆ ಅಲ್ಲಿ ಒಂದರ ಮೇಲೊಂದು ಎರಡು ಅಲೆ, ಎರಡೂ ಸುಮಾರು ಅರ್ಧ ಎತ್ತರ. ಅಂಥ ಜಾಗದಲ್ಲಿ ತಂತ್ರಾಂಶ 'ಎನ್' ಎಂದು ಬರೆದು ಕೈಚೆಲ್ಲುವುದುಂಟು. ಆಗ ತಂತ್ರಜ್ಞರು ಅದೇ ತುಂಡನ್ನು ಎದುರು ದಿಕ್ಕಿನ ಪ್ರೈಮರ್ ಹಾಕಿ ಹಿಂದಿನಿಂದಲೂ ಓದಿಸುತ್ತಾರೆ. ಎರಡೂ ಕಡೆಯಿಂದ ಅದೇ ಜೋಡಿ ಅಲೆ ಬಂದರೆ ಮಾತ್ರ ವರದಿಗೆ ಸಹಿ.